ಅಜ್ಜನೊಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದ್ದಾರೆ

ಎಂಬತ್ತು ದಾಟಿದ ಯಜಮಾನರೊಬ್ಬರ ರಕ್ತದಲ್ಲಿ ಕ್ರಿಯಾಟಿನಿನ್ ಏಳು ದಾಟಿತೆಂದರೆ ಆ ಮನೆಯಲ್ಲಿ ತುರ್ತು ಅಧಿವೇಶನ ಸೇರುತ್ತದೆ. ಸಭಾಧ್ಯಕ್ಷತೆ ಹಿರಿಯ ಮಗನದು. ನ್ಯೂಜೆರ್ಸಿಯ ಕಿರಿಯ ಮಗ ವಾಟ್ಸ್ಯಾಪ್ ವಿಡಿಯೋದಲ್ಲಿ ಹಾಜರಾಗುತ್ತಾನೆ. ಅಲ್ಲಿ ಆಗ ಅಪರಾತ್ರಿಯಾದ್ದರಿಂದ ಅವನ ಮಾತಿಗೆ ಉಳಿದವರಿಗಿಂತ ತೂಕ ಜಾಸ್ತಿ. ದಾವಣಗೆರೆಯಿಂದ ಬಂದಿಳಿದ ಮಗಳಿಗೆ ಅಳುವ ಖಾತೆ. ಅಳಿಯಂದಿರು ಮಿತಭಾಷಿ, ಆದರೂ ಆಸ್ಪತ್ರೆಯ ಆಡಳಿತಾಧಿಕಾರಿ ತಮಗೆ ಗೊತ್ತು ಎಂಬ ಸಂಗತಿಯನ್ನು ಹತ್ತು ನಿಮಿಷಕ್ಕೊಮ್ಮೆ ಸದನದ ಗಮನಕ್ಕೆ ತರುತ್ತಾರೆ. ಎದುರು ಮನೆಯವರು ಪ್ರೇಕ್ಷಕರ ಗ್ಯಾಲರಿಯಿಂದಲೇ ನೆಗ್ಗಿಲು ಮುಳ್ಳಿನ ಕಷಾಯದ ಪರವಾಗಿ ಒಂದು ಖಾಸಗಿ ಮಸೂದೆ ಮಂಡಿಸುತ್ತಾರೆ.

ಕಾರ್ಯಸೂಚಿ ಉದ್ದವಾಗಿದೆ. ಆಸ್ಪತ್ರೆ ಹಾಸನದ್ದೋ ಬೆಂಗಳೂರಿನದ್ದೋ, ಫಿಸ್ಟುಲಾ ಎಡಗೈಗೋ ಬಲಗೈಗೋ, ಡಯಾಲಿಸಿಸ್ ವಾರಕ್ಕೆ ಎರಡೋ ಮೂರೋ, ಬೆಳಗಿನ ಪಾಳಿಯೋ ಸಂಜೆಯದೋ, ಕರೆದುಕೊಂಡು ಹೋಗಿ ಬರುವವರು ಯಾರು (ಇಲ್ಲಿ ಸದನ ಕೆಲಕಾಲ ಮೌನವಾಗುತ್ತದೆ). ಎಲ್ಲವೂ ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಡಯಾಲಿಸಿಸ್ ಬೇಕೋ ಬೇಡವೋ ಎಂಬ ಒಂದು ವಿಷಯ ಮಾತ್ರ ಕಾರ್ಯಸೂಚಿಯಲ್ಲಿ ಇರುವುದಿಲ್ಲ. ಕಿಡ್ನಿ ಯಾರದೋ ಅವರು ಹೊರಗೆ ಕಾರಿಡಾರಿನಲ್ಲಿ, ಗಾಲಿಕುರ್ಚಿಯ ಮೇಲೆ, ಯಾರೋ ಕೈಗಿಟ್ಟ ಉಪ್ಪು ಬಿಸ್ಕತ್ತು ತಿನ್ನುತ್ತಾ ಕೂತಿರುತ್ತಾರೆ. ನಿರ್ಣಯವಾದ ಮೇಲೆ ಮಗಳು ಹೋಗಿ ತಿಳಿಸುತ್ತಾಳೆ: "ಅಪ್ಪಾ, ಒಂದು ಸಣ್ಣ ಟ್ರೀಟ್‌ಮೆಂಟಂತೆ. ಸುಮ್ನೆ ಮಲಗಿದ್ರೆ ಆಯ್ತು, ಮಿಷನ್ನೇ ಎಲ್ಲಾ ಮಾಡುತ್ತೆ. ಟಿವಿನೂ ಇರುತ್ತೆ."

ಆ ಸಣ್ಣ ಟ್ರೀಟ್‌ಮೆಂಟಿನ ಲೆಕ್ಕ ಹೀಗಿದೆ. ಪುಸ್ತಕದ ಪ್ರಕಾರ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ವರ್ಷಕ್ಕೆ 156 ಸಲ, 624 ಗಂಟೆ. ಇದು ಸೂಜಿ ಚುಚ್ಚಿದ ಮೇಲಿನ ಲೆಕ್ಕ ಮಾತ್ರ. ಹಳ್ಳಿಯಿಂದ ತಾಲ್ಲೂಕಿಗೆ ಆಟೋ, ಹಿಂದಿನ ಪಾಳಿಯವರು ಏಳುವ ತನಕ ಬೆಂಚಿನ ಮೇಲೆ ಕಾಯುವುದು, ಅರ್ಧದಲ್ಲಿ ಬಿ.ಪಿ. ಕುಸಿಯುವುದು, ಮೀನಖಂಡ ಸೆಟೆದುಕೊಳ್ಳುವುದು, ಮನೆಗೆ ಬಂದು ಮಾರನೆಯ ಬೆಳಗಿನವರೆಗೆ ಗೋಡೆ ಕಡೆ ಮುಖ ಮಾಡಿ ಮಲಗುವುದು, ಇವು ಯಾವುವೂ ಅದರಲ್ಲಿ ಸೇರಿಲ್ಲ. ನಮ್ಮಲ್ಲಿ ದುಡ್ಡು, ಬೆಡ್ಡು, ಬಸ್ಸು ಮೂರನ್ನೂ ನೋಡಿಕೊಂಡು ಬಹಳಷ್ಟು ಮಂದಿಗೆ ವಾರಕ್ಕೆ ಎರಡೇ ಸಲ ಆಗುವುದು. ಆಗ ನಡುವಿನ ದಿನಗಳಲ್ಲಿ ಕುಡಿದ ನೀರು ಮೈಯಲ್ಲೇ ನಿಂತು ಏದುಸಿರು ಬರುತ್ತದೆ. ಸೂಜಿ ಚುಚ್ಚಲೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಮಾಗಲು ವಾರಗಟ್ಟಲೆ ಬೇಕು. ಅಷ್ಟು ವ್ಯವಧಾನ ಇಲ್ಲದವರಿಗೆ ಕತ್ತಿಗೆ ಪೈಪು, ಪೈಪಿನ ಜೊತೆಗೆ ನಂಜಿನ ಭಯ ಉಚಿತ.

ಊಟದ ಸಂಗತಿಗೆ ಬಂದರೆ ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಎಳನೀರು ವರ್ಜ್ಯ. ಬಾಳೆಹಣ್ಣು, ಕಿತ್ತಳೆ, ಟೊಮೆಟೊ ಎಲ್ಲವೂ ಪೊಟ್ಯಾಶಿಯಂ ಗೂಢಚಾರರು. ಸೊಪ್ಪನ್ನು ಹೆಚ್ಚಿ, ನೆನೆಸಿ, ಬೇಯಿಸಿ, ಬಸಿದು, ಆ ನೀರು ಚೆಲ್ಲಿ ಉಳಿದದ್ದನ್ನು ತಿನ್ನಬೇಕೆಂದು ಡಯಟಿಷಿಯನ್ ಚೀಟಿ ಬರೆದುಕೊಡುತ್ತಾರೆ. ಬಸಿದ ನೀರಿನಲ್ಲೇ ಬಸ್ಸಾರು ಮಾಡಿ, ಅದರ ಮೇಲೆ ಮುದ್ದೆ ನುಂಗಿ ಎಂಬತ್ತು ವರ್ಷ ಬಾಳಿದ ಮನುಷ್ಯನ ಕೈಗೆ ಈ ಚೀಟಿ! ಆ ಡಯಟಿಷಿಯನ್ನಿಗೆ ಗೊತ್ತಿರಲಿಕ್ಕಿಲ್ಲ, ಆಕೆ ಚೆಲ್ಲಲು ಹೇಳಿದ್ದು ಒಂದು ಸಂಸ್ಕೃತಿಯನ್ನು. ನೀರು ದಿನಕ್ಕೆ ಒಂದು ಬಾಟಲಿ. ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಅದರೊಳಗೇ. ಬಾಟಲಿಯ ಉಸ್ತುವಾರಿ ಸೊಸೆಯದು. ಜೀವಮಾನವೆಲ್ಲ ಮಾವನವರ ಎದುರು ಕೂರದಿದ್ದ ಹೆಣ್ಣುಮಗಳಿಗೆ ಕೊನೆಗೂ ಒಂದು ಅಧಿಕಾರ ಸಿಕ್ಕಿತು.

ಈ ಯಂತ್ರ ಹುಟ್ಟಿದ ಕಾಲದಲ್ಲಿ ಇಂಥ ಔದಾರ್ಯ ಇರಲಿಲ್ಲ. 1943ರಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದ ನೆದರ್‌ಲೆಂಡ್ಸಿನ ಕಾಂಪೆನ್ ಎಂಬ ಊರಿನಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಸಾಸೇಜು ಸುತ್ತುವ ಸೆಲೋಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ ಮೊದಲ ಕೃತಕ ಮೂತ್ರಪಿಂಡ ಕಟ್ಟಿದ. ಶುರುವಿನ ರೋಗಿಗಳು ಒಬ್ಬರಾದ ಮೇಲೊಬ್ಬರು ಹೋದರು. 1945ರಲ್ಲಿ ಅದರಿಂದ ಬದುಕಿ ಎದ್ದವಳು 67ರ ಒಬ್ಬ ಹೆಂಗಸು. ಪ್ರಜ್ಞೆ ಬಂದದ್ದೇ ತಡ, ಗಂಡನಿಗೆ ಡೈವೋರ್ಸ್ ಕೊಡುತ್ತೇನೆ ಎಂದಳಂತೆ. ಯಂತ್ರದಿಂದ ಎದ್ದ ಮೊಟ್ಟಮೊದಲ ಮುದುಕಿ ಮೊದಲ ಮಾತಿನಲ್ಲೇ ತನಗೆ ಏನು ಬೇಕು, ಏನು ಬೇಡ ಎಂದು ಹೇಳಿದಳು ಎಂಬುದನ್ನು ಗಮನಿಸಬೇಕು. ಆಮೇಲೆ ಈ ಎಂಬತ್ತು ವರ್ಷಗಳಲ್ಲಿ ತಂತ್ರಜ್ಞಾನ ಬಹಳ ಸುಧಾರಿಸಿದೆ. ಮುದುಕರು ಬಾಯಿ ಬಿಡುವ ಅಗತ್ಯವೇ ಬೀಳದಂತೆ ನೋಡಿಕೊಳ್ಳಲಾಗಿದೆ.

ಆಕೆಯದು ಹಠಾತ್ತಾಗಿ ಕೆಟ್ಟು ಮತ್ತೆ ಸರಿಹೋದ ಕಿಡ್ನಿ. ಶಾಶ್ವತವಾಗಿ ಕೆಟ್ಟವರನ್ನು ವರ್ಷಗಟ್ಟಲೆ ಉಳಿಸುವ ದಾರಿ ತೆರೆದದ್ದು 1960ರಲ್ಲಿ, ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರಕ್ತನಾಳಕ್ಕೆ ಕಾಯಂ ಕೊಳವೆ ಕೂರಿಸಿದ ಮೇಲೆ. ಮಿಷನ್ನುಗಳು ಬೆರಳೆಣಿಕೆಯಷ್ಟು, ಬೇಕಾದವರು ಸಾವಿರಾರು. ಆದ್ದರಿಂದ ಅಲ್ಲೊಂದು ಸಮಿತಿ ಮಾಡಿದರು: ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಸರ್ಜನ್. ಏಳು ಮಂದಿಯೂ ಅನಾಮಧೇಯರು. ರೋಗಿಗೆ ಮಕ್ಕಳೆಷ್ಟು, ಆಸ್ತಿಯೆಷ್ಟು, ಚರ್ಚಿಗೆ ಹೋಗುತ್ತಾನೋ ಇಲ್ಲವೋ ಎಂದೆಲ್ಲ ವಿಚಾರಿಸಿ ಯಾರು ಬದುಕಬೇಕೆಂದು ತೀರ್ಮಾನಿಸುತ್ತಿದ್ದರು. ನಲವತ್ತೈದು ದಾಟಿದವರ ಅರ್ಜಿ ಸಮಿತಿಯ ಮೇಜಿಗೇ ಬರುತ್ತಿರಲಿಲ್ಲ. 1962ರಲ್ಲಿ ಲೈಫ್ ಪತ್ರಿಕೆ ಈ ಕತೆಯನ್ನು ಬಯಲಿಗಿಟ್ಟಾಗ ಅಮೆರಿಕ ನಾಚಿಕೊಂಡಿತು. ಹತ್ತು ವರ್ಷ ಬಿಟ್ಟು, 1972ರಲ್ಲಿ, ಡಯಾಲಿಸಿಸ್ ಖರ್ಚನ್ನು ವಯಸ್ಸು ನೋಡದೆ ಸರ್ಕಾರವೇ ಹೊರುವ ಕಾನೂನು ಮಾಡಿತು. ಅಂದಿನಿಂದ ಹೊಸ ತರದ ಸಮಿತಿಗಳು ಹುಟ್ಟಿದವು. ಸಿಯಾಟಲ್ ಸಮಿತಿ ಯಂತ್ರಕ್ಕೆ ಯಾರನ್ನು ಬಿಡಬೇಕೆಂದು ಕೂರುತ್ತಿತ್ತು. ಈಗಿನವು ಯಂತ್ರದಿಂದ ಯಾರೂ ತಪ್ಪಿಸಿಕೊಳ್ಳದಂತೆ ನೋಡಲು ಕೂರುತ್ತವೆ.

ನಮ್ಮ ದೇಶದಲ್ಲಿ 2016ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಖಾಸಗಿ ಸಹಭಾಗಿತ್ವದ ಘಟಕಗಳು, ಬಡವರಿಗೆ ಉಚಿತ. ಕರ್ನಾಟಕದಲ್ಲಿ ಅದು ತಾಲ್ಲೂಕು ಆಸ್ಪತ್ರೆಗಳಿಗೂ ಬಂತು. ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಮೂವತ್ತರ ಹರೆಯದ ಕೂಲಿಕಾರನೊಬ್ಬ ಹೊಲ ಮಾರದೆ ಬದುಕಿ ಉಳಿದಿದ್ದರೆ ಅದು ಈ ಘಟಕಗಳಿಂದ. ಆದರೆ ಗುತ್ತಿಗೆದಾರರಿಗೆ ಪಾವತಿ ಆಗುವುದು ಸಲಕ್ಕೆ ಇಷ್ಟು ಎಂದು. ಖಾಲಿ ಬಿದ್ದ ಮಿಷನ್ನು ಯಾರಿಗೂ ಅನ್ನ ಹಾಕುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲಂತೂ ಡಯಾಲಿಸಿಸ್ಸಿಗೆ ಪ್ಯಾಕೇಜಿದೆ, ವಿಮೆಯಿದೆ, ಬಿಲ್ಲಿನಲ್ಲಿ ಒಂದು ಸಾಲಿದೆ. "ನಿಮ್ಮ ಹೃದಯ ಹೀಗಿದೆ, ನೆನಪು ಹೀಗಿದೆ, ಯಂತ್ರಕ್ಕೆ ಹಾಕಿದರೆ ಇಷ್ಟು, ಹಾಕದಿದ್ದರೆ ಇಷ್ಟು, ನಿಮಗೇನು ಬೇಕು ಅಜ್ಜಾ?" ಎಂದು ಮುಕ್ಕಾಲು ಗಂಟೆ ಕೂತು ಮಾತಾಡಿದ ಡಾಕ್ಟರಿಗೆ ಯಾವ ಬಿಲ್ಲಿನಲ್ಲೂ ಸಾಲಿಲ್ಲ.

ಡಾಕ್ಟರನ್ನು ಖಳನಾಯಕ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ಹೊರಗೆ ಅರವತ್ತು ಮಂದಿ ಕಾಯುತ್ತಿದ್ದಾರೆ. "ಶುರು ಮಾಡೋಣ" ಎನ್ನಲು ಎರಡು ಪದ ಸಾಕು. "ಮಾಡದಿದ್ದರೂ ಆಗುತ್ತದೆ" ಎಂದು ಬಿಡಿಸಿ ಹೇಳಹೊರಟರೆ ಮಧ್ಯಾಹ್ನದ ಊಟ ತಪ್ಪುತ್ತದೆ, ಸಂಜೆ ನ್ಯೂಜೆರ್ಸಿಯಿಂದ ಹತ್ತು ಲಿಂಕು ಲಗತ್ತಿಸಿದ ಇಮೇಲ್ ಬರುತ್ತದೆ, ನಾಳೆ ಊರಿನಲ್ಲಿ "ಆ ಡಾಕ್ಟ್ರು ಕೈಬಿಟ್ಬಿಟ್ರು" ಎಂಬ ಪ್ರಶಸ್ತಿ ಸಿಗುತ್ತದೆ. ವೈದ್ಯರ ಮೇಲೆ ಕೈಮಾಡುವುದನ್ನು ತಡೆಯಲೆಂದೇ 2009ರಲ್ಲಿ ಒಂದು ಕಾನೂನು ಮಾಡಬೇಕಾಗಿ ಬಂದ ರಾಜ್ಯ ನಮ್ಮದು. ಇಂಥ ಕಡೆ ಮಿಷನ್ನಿಗೆ ಹಾಕಿದ ಮೇಲೆ ಹೋದರೆ ಅದು ವಿಧಿ, ಹಾಕದೆ ಹೋದರೆ ಅದು ನಿರ್ಲಕ್ಷ್ಯ. ಬುದ್ಧಿವಂತ ಡಾಕ್ಟರು ವಿಧಿಯನ್ನೇ ಆರಿಸಿಕೊಳ್ಳುತ್ತಾರೆ.

ವಿಜ್ಞಾನ ಏನನ್ನುತ್ತದೆ ಎಂದು ಕೇಳುವ ಕೆಟ್ಟ ಅಭ್ಯಾಸ ಇರುವವರಿಗಾಗಿ ಕೆಲವು ಅಂಕಿಗಳು. ಅಮೆರಿಕದ ನರ್ಸಿಂಗ್ ಹೋಮುಗಳಲ್ಲಿದ್ದು ಡಯಾಲಿಸಿಸ್ ಶುರು ಮಾಡಿದ 3,702 ವೃದ್ಧರನ್ನು ಹಿಂಬಾಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಶೇ. 58 ಮಂದಿ ತೀರಿಕೊಂಡಿದ್ದರು. ಮೊದಲಿನಂತೆಯೇ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಉಳಿದವರು ಶೇ. 13. 2024ರಲ್ಲಿ ಬಂದ ಇನ್ನೊಂದು ಅಧ್ಯಯನ ಅಲ್ಲಿನ ಮಾಜಿ ಸೈನಿಕರದು, ಸರಾಸರಿ ವಯಸ್ಸು 78ರ ಹತ್ತಿರ. ತಕ್ಷಣ ಡಯಾಲಿಸಿಸ್ಸಿಗೆ ಹೋದವರನ್ನೂ ಕೂಡಲೇ ಹೋಗದೆ ಔಷಧಿಯಲ್ಲೇ ಮುಂದುವರಿದವರನ್ನೂ ಮೂರು ವರ್ಷದ ಅವಧಿಗೆ ಹೋಲಿಸಿದರೆ, ಹೋದವರು ಸರಾಸರಿ ಒಂಬತ್ತು ದಿನ ಹೆಚ್ಚು ಬದುಕಿದ್ದರು ಮತ್ತು ಮನೆಯಲ್ಲಿ ಕಳೆಯುವ ದಿನಗಳಲ್ಲಿ ಹದಿಮೂರಕ್ಕೂ ಹೆಚ್ಚನ್ನು ಕಳೆದುಕೊಂಡಿದ್ದರು. ಕೊನೆಯವರೆಗೂ ಡಯಾಲಿಸಿಸ್ ಬೇಡವೆಂದವರ ಜೊತೆ ಹೋಲಿಸಿದರೆ ಗಳಿಕೆ 77 ದಿನ, ಮನೆಯ ಲೆಕ್ಕದಲ್ಲಿ ನಷ್ಟ ಎರಡು ವಾರ. ಒಂಬತ್ತು ದಿನ ಗಳಿಸಲು ಹದಿಮೂರು ದಿನ ಕೊಡುವ ವ್ಯಾಪಾರವನ್ನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಯಾರಾದರೂ ಒಪ್ಪುತ್ತಾರೆಯೇ? ಅಪ್ಪನ ಪರವಾಗಿ ನಾವು ಕಣ್ಣು ಮುಚ್ಚಿ ಒಪ್ಪುತ್ತೇವೆ, ಏಕೆಂದರೆ ದಿನಗಳು ನಮ್ಮವಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನದೂ ಏಕಪಕ್ಷೀಯ ವಕಾಲತ್ತಾಗುತ್ತದೆ. ಎಪ್ಪತ್ತು ದಾಟಿದವರನ್ನೇ ನೋಡಿದ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಡಯಾಲಿಸಿಸ್ ಆರಿಸಿಕೊಂಡವರ ಆಯುಸ್ಸಿನ ಮಧ್ಯಾಂಕ ಸುಮಾರು 38 ತಿಂಗಳು, ಬೇಡವೆಂದವರದು 14. ಕಡಿಮೆ ಅಂತರವೇನಲ್ಲ. ಆದರೆ ಆ ಹೆಚ್ಚುವರಿ ತಿಂಗಳುಗಳ ದೊಡ್ಡ ಪಾಲು ಆಸ್ಪತ್ರೆಯ ದಾರಿಯಲ್ಲೇ ಕಳೆಯಿತು. ಬೇಡವೆಂದವರಲ್ಲಿ ಮನೆಯಲ್ಲೋ ಶುಶ್ರೂಷಾಲಯದಲ್ಲೋ ಕಣ್ಣು ಮುಚ್ಚಿದವರು ಹೆಚ್ಚು. ಹೃದಯ ಗಟ್ಟಿಯಿದ್ದು, ಓಡಾಡಿಕೊಂಡು, ಪೇಪರ್ ಓದಿ ಜಗಳ ಆಡುವಷ್ಟು ಚುರುಕಾಗಿರುವ ಎಪ್ಪತ್ತೈದರವರಿಗೆ ಡಯಾಲಿಸಿಸ್ ವರ್ಷಗಳನ್ನೇ ಕೊಡಬಲ್ಲದು. ಎಂಬತ್ತೈದಾಗಿ, ಹೃದಯದ ರಕ್ತನಾಳ ಕಟ್ಟಿಕೊಂಡು, ಹಾಸಿಗೆಯಿಂದ ಬಚ್ಚಲಿಗೆ ಇಬ್ಬರು ಹಿಡಿದು ನಡೆಸಬೇಕಾದವರಿಗೆ ಆ ಲಾಭ ಕರಗಿಹೋಗುತ್ತದೆ ಎಂಬುದೂ ಬ್ರಿಟನ್ನಿನಲ್ಲೇ ಕಂಡ ಸಂಗತಿ.

ಜೆ.ಪಿ.ಯವರನ್ನೇ ನೋಡಿ. 1975ರಲ್ಲಿ ತುರ್ತು ಪರಿಸ್ಥಿತಿಯ ಸೆರೆಯಲ್ಲಿ ಜಯಪ್ರಕಾಶ ನಾರಾಯಣರ ಮೂತ್ರಪಿಂಡಗಳು ಕೈಕೊಟ್ಟಾಗ ಅವರಿಗೆ 73. ಮುಂಬೈಯ ಜಸ್ಲೋಕ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಅವರಿಗೊಂದು ಯಂತ್ರ ಕೊಳ್ಳಲು ಜನ ಚಂದಾ ಎತ್ತಿದರು. ಪ್ರಧಾನಿ ಇಂದಿರಾ ಗಾಂಧಿ ಕಳಿಸಿದ ಹಣವನ್ನು ಅವರು ಹಿಂದಿರುಗಿಸಿದರು. ಅದೇ ದೇಹ ಇಟ್ಟುಕೊಂಡು 1977ರಲ್ಲಿ ಆ ಸರ್ಕಾರ ಇಳಿಯುವುದನ್ನು ಕಂಡರು, ತಾವು ಹರಸಿದ ಜನತಾ ಪಕ್ಷದ ಸರ್ಕಾರ ಏರುವುದನ್ನೂ ಕಂಡರು, 1979ರಲ್ಲಿ ಅದೂ ಮುರಿದುಬಿದ್ದದ್ದನ್ನು ಕಂಡ ಮೇಲೆ ಅಕ್ಟೋಬರಿನಲ್ಲಿ ತೀರಿಕೊಂಡರು. ಡಯಾಲಿಸಿಸ್ ಕೊಟ್ಟ ಆ ನಾಲ್ಕು ವರ್ಷಗಳಲ್ಲಿ ಕೊನೆಯದೊಂದನ್ನು ಕೊಡದಿದ್ದರೆ ಅವರಿಗೆ ಕ್ಷೇಮವಿತ್ತೋ ಏನೋ, ಆದರೆ ಅದು ಜನತಾ ಪಕ್ಷದ ತಪ್ಪು, ಯಂತ್ರದ್ದಲ್ಲ. ಬದುಕಿನಲ್ಲಿ ಅವರಿಗಿನ್ನೂ ಕೆಲಸವಿತ್ತು. ಯಾರ ಹಣದಿಂದ ಬದುಕಬಾರದು ಎಂಬುದನ್ನು ಕೂಡ ಅವರೇ ತೀರ್ಮಾನಿಸಿದರು.

ಇನ್ನು ನಮ್ಮ ಕಸುಬಿನವನೇ ಒಬ್ಬನಿದ್ದ. ಆರ್ಟ್ ಬುಕ್ವಾಲ್ಡ್, ವಾಷಿಂಗ್ಟನ್ನಿನ ದೊರೆಗಳನ್ನು ಅರ್ಧ ಶತಮಾನ ಗೇಲಿ ಮಾಡಿ ಹೊಟ್ಟೆ ಹೊರೆದ ಅಂಕಣಕಾರ. 2006ರ ಆರಂಭದಲ್ಲಿ, ಎಂಬತ್ತರ ವಯಸ್ಸಿಗೆ, ಒಂದು ಕಾಲು ಹೋಗಿತ್ತು, ಕಿಡ್ನಿಗಳೂ ಹೋಗಿದ್ದವು. ಕೆಲವು ಸಲ ಡಯಾಲಿಸಿಸ್ ಮಾಡಿಸಿಕೊಂಡು ನೋಡಿ "ಸಾಕು" ಎಂದು ಎದ್ದುಬಂದ. ಅಂತ್ಯಕಾಲದ ಆರೈಕೆಯ ಮನೆಯೊಂದಕ್ಕೆ ಸೇರಿದ. ಕೆಲವೇ ವಾರಗಳ ಮಾತು ಎಂದಿದ್ದರು. ಗೆಳೆಯರು, ಮಂತ್ರಿಗಳು, ರಾಯಭಾರಿಗಳು ಸಾಲುಗಟ್ಟಿ ಕೊನೆಯ ದರ್ಶನಕ್ಕೆ ಬಂದರು. ಈತ ಬೇಕಾದ್ದನ್ನೆಲ್ಲ ತರಿಸಿ ತಿಂದ. ವಾರ ಕಳೆಯಿತು, ತಿಂಗಳು ಕಳೆಯಿತು, ಆಸಾಮಿ ಹೋಗಲೇ ಇಲ್ಲ. ಕೆಲಸ ಬಿಟ್ಟಿದ್ದ ಕಿಡ್ನಿ ಮತ್ತೆ ಸ್ವಲ್ಪ ಕೆಲಸಕ್ಕೆ ಹಾಜರಾಗಿತ್ತು. ಕೊನೆಗೆ ಸಾಯಲು ಸೇರಿದ ಜಾಗದಿಂದಲೇ ಡಿಸ್ಚಾರ್ಜ್ ಆಗಿ, ಬೇಸಿಗೆ ಕಳೆಯಲು ಸಮುದ್ರ ತೀರದ ಮನೆಗೆ ಹೋಗಿ, ಸಾವಿನ ಬಗ್ಗೆ ತಮಾಷೆಯ ಪುಸ್ತಕ ಬರೆದು, 2007ರ ಜನವರಿಯಲ್ಲಿ ಮಗನ ಮನೆಯಲ್ಲಿ ತೀರಿಕೊಂಡ. ತಾನು ಈಗಷ್ಟೇ ಸತ್ತಿದ್ದೇನೆ ಎಂದು ತಾನೇ ಘೋಷಿಸುವ ವಿಡಿಯೋವನ್ನು ಮೊದಲೇ ಚಿತ್ರಿಸಿಟ್ಟು ಹೋಗಿದ್ದ. ಎಲ್ಲರಿಗೂ ಇಂಥ ಅದೃಷ್ಟ ಬರುವುದಿಲ್ಲ, ಬರುತ್ತದೆಂದು ನಂಬಿ ಯಾರೂ ಹೊರಡಬಾರದು. ಹೊಟ್ಟೆಕಿಚ್ಚಿನಿಂದ ಹೇಳುತ್ತೇನೆ, ಗಡುವು ಮೀರಿದ್ದಕ್ಕೆ ಹೊಗಳಿಸಿಕೊಂಡ ಅಂಕಣಕಾರ ಅವನೊಬ್ಬನೇ.

ಡಯಾಲಿಸಿಸ್ ಬೇಡವೆಂದರೆ ಮುಂದೇನು ಎಂಬ ಪ್ರಶ್ನೆಗೆ ನಮ್ಮ ಆಸ್ಪತ್ರೆಗಳಲ್ಲಿ ಸಿದ್ಧ ಉತ್ತರ ಒಂದಿದೆ: "ಮನೆಗೆ ಕರ್ಕೊಂಡು ಹೋಗಿ." ಇದಕ್ಕೂ, ಯಂತ್ರವಿಲ್ಲದೆ ಔಷಧಿ ಆರೈಕೆಯಲ್ಲೇ ನೋಡಿಕೊಳ್ಳುವ ಕನ್ಸರ್ವೇಟಿವ್ ಕೇರ್‌ಗೂ ಸಂಬಂಧವಿಲ್ಲ. ಯಂತ್ರ ಬಿಟ್ಟರೂ ಮಾಡುವುದು ರಾಶಿ ಇದೆ. ಕಾಲಿಗೂ ಶ್ವಾಸಕೋಶಕ್ಕೂ ತುಂಬಿದ ನೀರನ್ನು ಮೂತ್ರದ ಮಾತ್ರೆ ಏರಿಸಿ ಇಳಿಸಬೇಕು. ರಕ್ತ ಕಡಿಮೆಯಾದರೆ ಎರಿತ್ರೋಪೊಯೆಟಿನ್ ಇಂಜೆಕ್ಷನ್ ಮತ್ತು ಕಬ್ಬಿಣಾಂಶ ಕೊಡಬೇಕು. ರಾತ್ರಿಯಿಡೀ ಕೆರೆದುಕೊಳ್ಳುವ ತುರಿಕೆಗೆ ಗ್ಯಾಬಪೆಂಟಿನ್ ಅಳೆದು ಸಣ್ಣ ಪ್ರಮಾಣದಲ್ಲಿ. ವಾಕರಿಕೆಗೆ, ಆಮ್ಲ ಹೆಚ್ಚಿದ್ದಕ್ಕೆ, ನಿದ್ದೆಗೆ ಬೇರೆ ಬೇರೆ ಮದ್ದು. ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಿ ಉಳಿದ ಕಿಡ್ನಿಯನ್ನೂ ಕೊಲ್ಲದಂತೆ ಕಾವಲು. ಮಾರ್ಫಿನ್ ಇಂಥವರ ಮೈಯಲ್ಲಿ ಸೇರಿಕೊಂಡು ತೊಂದರೆ ಕೊಡುತ್ತದೆ. ಬದಲಿಗೆ ಏನು ಎಂದು ಬಲ್ಲ ಡಾಕ್ಟರು ಬೇಕು. ಪಥ್ಯದ ಬಿಗಿ ಸಡಿಲಿಸಬಹುದು, ವಾರಕ್ಕೊಮ್ಮೆ ಬಸ್ಸಾರು ಬಡಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ಹೀಗೆ ನೋಡಿಕೊಂಡವರು ತಿಂಗಳುಗಟ್ಟಲೆ, ಕೆಲವರು ವರ್ಷಕ್ಕೂ ಮೇಲೆ ಇರುತ್ತಾರೆ. ಅಷ್ಟೆಲ್ಲ ಮಾಡಲು ಮನೆಗೆ ಬರುವ ನರ್ಸು ಬೇಕು, ರಾತ್ರಿ ಫೋನೆತ್ತುವ ಡಾಕ್ಟರು ಬೇಕು. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿ ಪಂಚಾಯ್ತಿ ಮಟ್ಟದಲ್ಲಿ ಮನೆಮನೆಗೆ ನರ್ಸುಗಳನ್ನು ಕಳಿಸಿತು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳು ಹುಟ್ಟಿದ್ದೇ ಕ್ಯಾನ್ಸರ್ ರೋಗಿಗಳಿಗಾಗಿ. ಕಿಡ್ನಿ ರೋಗಿ ನೆಮ್ಮದಿಯಾಗಿ ಸಾಯಬೇಕೆಂದರೆ ಕ್ಯಾನ್ಸರ್ ಹಚ್ಚಿಕೊಂಡು ಬರಬೇಕಾದೀತು.

ಈ "ಮನೆಗೆ ಕರ್ಕೊಂಡು ಹೋಗಿ" ಎಂಬ ಸಲಹೆ ಯಾರ ಪಾಲಿಗೆ ಹೆಚ್ಚು ಬರುತ್ತದೆ ಎಂದು ನೋಡಿದರೆ ಇನ್ನೊಂದು ಅಧಿವೇಶನ ಕಾಣುತ್ತದೆ. ಅಪ್ಪನ ಕಿಡ್ನಿ ಹೋದಾಗ ಸೇರಿದ ಸದನ ಅಮ್ಮನ ಕಿಡ್ನಿ ಹೋದಾಗ ಕೋರಂ ಇಲ್ಲದೆ ಮುಂದೂಡಲ್ಪಡುತ್ತದೆ. "ಅಮ್ಮಂಗೆ ಆಸ್ಪತ್ರೆ ಅಂದ್ರೇನೇ ಆಗಲ್ಲ." "ಅಮ್ಮಂಗೆ ವಯಸ್ಸಾಯ್ತಲ್ಲ." "ಅಮ್ಮನೇ ಬೇಡ ಅಂದ್ರು." ಅಮ್ಮ ಹುಟ್ಟಿದಾಗಿನಿಂದ ಬೇಡ ಅನ್ನುತ್ತಲೇ ಬಂದಿದ್ದಾರೆ, ಕೊನೆಯ ದೋಸೆಯೂ ಬೇಡ, ದೀಪಾವಳಿಯ ಸೀರೆಯೂ ಬೇಡ. ಆ ಬೇಡಗಳನ್ನು ಯಾರೂ ನಂಬಿರಲಿಲ್ಲ. ಖರ್ಚಿನ ಈ ಬೇಡವನ್ನು ಮಾತ್ರ ಭಕ್ತಿಯಿಂದ ಪಾಲಿಸಲಾಗುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರ ಸಾಲಿನಲ್ಲಿ ಹೆಂಗಸರು ಹೆಚ್ಚು, ಪಡೆಯುವವರ ಸಾಲಿನಲ್ಲಿ ಗಂಡಸರು ಹೆಚ್ಚು. ಅಪ್ಪನಿಗೆ ಯಂತ್ರ, ಅಮ್ಮನಿಗೆ ದೇವರು. ಇಬ್ಬರನ್ನೂ ಕೇಳಲಿಲ್ಲ ಎಂಬ ವಿಷಯದಲ್ಲಿ ಮಾತ್ರ ಲಿಂಗ ಸಮಾನತೆ ಕಾಪಾಡಲಾಗಿದೆ.

ಅಪ್ಪನ ವಿಷಯದಲ್ಲಿ ಸದನ ಅಷ್ಟು ಉದಾರವಾಗುವುದಕ್ಕೆ ಪ್ರೀತಿ ಒಂದೇ ಕಾರಣವಲ್ಲ. ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನೆಂಟರು ತೀರ್ಪು ಕೊಡುತ್ತಾರಲ್ಲ, ಆ ತೀರ್ಪಿಗೆ ಪುರಾವೆ ಬೇಕು. "ಮಕ್ಳು ಏನೂ ಕಡಿಮೆ ಮಾಡ್ಲಿಲ್ಲ ಬಿಡಿ. ಕೊನೇ ದಿನದವರೆಗೂ ಡಯಾಲಿಸಿಸ್ ಮಾಡ್ಸಿದ್ರು. ನೂರರ ಮೇಲಾಗಿತ್ತಂತೆ." ಮಂಟಪದಲ್ಲಿ ಈ ಸಂಖ್ಯೆಗೆ ಇರುವ ಗೌರವ ಬೇರೆ. "ಕೊನೇ ಆರು ತಿಂಗಳು ಮನೇಲೇ ಇದ್ರು, ಮೊಮ್ಮಕ್ಕಳ ಜೊತೆ ಚೌಕಾಬಾರ ಆಡ್ತಿದ್ರು, ತುರಿಕೆಗೆ ಔಷಧಿ ಕೊಡ್ತಿದ್ವಿ" ಎಂದು ಹೇಳಿ ನೋಡಿ. ಪಂಕ್ತಿಯಲ್ಲಿ ಒಂದು ಕ್ಷಣ ಎಲ್ಲರೂ ಅಗಿಯುವುದನ್ನು ನಿಲ್ಲಿಸುತ್ತಾರೆ. ದೂರದಲ್ಲಿರುವ ಮಗನಿಗಂತೂ ಡಯಾಲಿಸಿಸ್ ದೊಡ್ಡ ಅನುಕೂಲ. ಬಾರದಿದ್ದ ಹತ್ತು ಯುಗಾದಿಗಳನ್ನು ಒಂದೇ ವರ್ಗಾವಣೆಯಲ್ಲಿ ತೀರಿಸಬಹುದು. "ದುಡ್ಡಿನ ಮುಖ ನೋಡ್ಬೇಡಿ ಡಾಕ್ಟ್ರೇ" ಎಂದು ಅವನು ಅಲ್ಲಿಂದ ಹೇಳುವಾಗ, ವಾರಕ್ಕೆ ಮೂರು ದಿನ ರಜೆ ಹಾಕಿ ಅಪ್ಪನ ಮುಖ ನೋಡಬೇಕಾದ ಹಿರಿಯವನು ಚಪ್ಪಲಿ ನೋಡಿಕೊಳ್ಳುತ್ತಾನೆ.

ಮಧ್ಯದ ದಾರಿಯೊಂದಿದೆ, ಅದೂ ಹೊಸದಲ್ಲ. ಒಂದೆರಡು ತಿಂಗಳ ಗಡುವು ಹಾಕಿ ಡಯಾಲಿಸಿಸ್ ಮಾಡಿಸಿ ನೋಡುವುದು. ಅಜ್ಜನಿಗೆ ಹಿತವಾದರೆ ಮುಂದುವರಿಸುವುದು, ಇಲ್ಲವಾದರೆ ಮರ್ಯಾದೆಯಿಂದ ನಿಲ್ಲಿಸುವುದು. ಅಮೆರಿಕದ ಮೂತ್ರಪಿಂಡ ತಜ್ಞರ ಮಾರ್ಗಸೂಚಿಯಲ್ಲೇ ಇದಿದೆ. ಅವರದೇ ಸಂಘ 2012ರಲ್ಲಿ ತನ್ನ ಸದಸ್ಯರಿಗೆ, ರೋಗಿ ಮತ್ತು ಮನೆಯವರ ಜೊತೆ ಕೂಡಿ ತೀರ್ಮಾನಿಸದೆ ದೀರ್ಘಕಾಲದ ಡಯಾಲಿಸಿಸ್ ಶುರು ಮಾಡಬೇಡಿ ಎಂದು ಬುದ್ಧಿವಾದ ಹೇಳಬೇಕಾಯಿತು. ಹೇಳಬೇಕಾಯಿತು ಎಂದ ಮೇಲೆ ಅಲ್ಲಿಯೂ ಸದಸ್ಯರು ನಮ್ಮವರ ಹಾಗೆಯೇ ಇದ್ದರು ಎಂದಾಯಿತು. ನಿಲ್ಲಿಸುವುದು ಎಂಬ ಮಾತಿಗೆ ನಮ್ಮಲ್ಲಿ ಮನೆಮಂದಿ ಬೆಚ್ಚಿಬೀಳುತ್ತಾರೆ, ಅದು ಕೊಲೆಯೇನೋ ಎಂಬಂತೆ. ಕಾದಂಬರಿಕಾರ ಜೇಮ್ಸ್ ಮಿಚೆನರ್ 1997ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಸಾಕೆಂದು ತಾನೇ ಡಯಾಲಿಸಿಸ್ ನಿಲ್ಲಿಸಿದ, ಕೆಲವು ದಿನಗಳಲ್ಲಿ ತೀರಿಕೊಂಡ. ಅದು ಅವನ ತೀರ್ಮಾನವಾಗಿತ್ತು, ಯಾರೂ ಪೊಲೀಸರನ್ನು ಕರೆಯಲಿಲ್ಲ.

ಕಾನೂನಿನ ಭಯ ಇದ್ದವರಿಗೆ ಅದನ್ನೂ ಹೇಳಿಬಿಡೋಣ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ಮುಂಚಿತ ವೈದ್ಯಕೀಯ ನಿರ್ದೇಶನ, ಅಂದರೆ ಲಿವಿಂಗ್ ವಿಲ್, ಬರೆಯುವ ಕ್ರಮ ತೀರಾ ತೊಡಕಾಗಿತ್ತೆಂದು 2023ರಲ್ಲಿ ಅದನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶವನ್ನೂ ಹೊರಡಿಸಿತು. ಎರಡು ಎಕರೆ ಅಡಿಕೆ ತೋಟದ ವಿಲ್ಲಿಗೆ ಮೂವರು ವಕೀಲರನ್ನು ಸುತ್ತುವ ಕುಟುಂಬದಲ್ಲಿ ಈ ವಿಲ್ಲಿನ ಸುದ್ದಿ ಎತ್ತಿದರೆ "ಬಿಡ್ತು ಅನ್ನಿ" ಎನ್ನುತ್ತಾರೆ. ಇಷ್ಟಕ್ಕೂ ಬುದ್ಧಿ ನೆಟ್ಟಗಿರುವ ಅಜ್ಜ ಡಯಾಲಿಸಿಸ್ ಬೇಡ ಎನ್ನಲು ವಿಲ್ಲೂ ಬೇಡ, ವೈದ್ಯಕೀಯ ಮಂಡಳಿಯ ಒಪ್ಪಿಗೆಯೂ ಬೇಡ. ಬಾಯಿದ್ದರೆ ಸಾಕು. ಅದು ಅವರಿಗಿದೆ. ಕಿವಿಗಳ ಸರಬರಾಜಿನಲ್ಲಷ್ಟೇ ವ್ಯತ್ಯಯ.

ಡಯಾಲಿಸಿಸ್ ಘಟಕದ ಒಪ್ಪಿಗೆ ಪತ್ರವನ್ನು ಒಮ್ಮೆ ತೆಗೆದು ನೋಡಿ. ಕೆಳಗೆ ಮಗನ ಸಹಿ ಇರುತ್ತದೆ, ಸಾಕ್ಷಿಯಾಗಿ ಅಳಿಯನ ಸಹಿ, ಫೋನ್ ನಂಬರು ಇಬ್ಬರದೂ. ರೋಗಿಯ ಸಹಿಯ ಜಾಗದಲ್ಲಿ "ರೋಗಿ ಸಹಿ ಮಾಡುವ ಸ್ಥಿತಿಯಲ್ಲಿಲ್ಲ" ಎಂದು ಯಾರೋ ಅವಸರದಲ್ಲಿ ಬರೆದಿರುತ್ತಾರೆ. ರೋಗಿ ನಿವೃತ್ತ ಹೈಸ್ಕೂಲು ಮೇಷ್ಟ್ರಾಗಿದ್ದರೆ ಪ್ರತಿ ನವೆಂಬರಿನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೋಗಿ ಬರುತ್ತಾರೆ. ಅಲ್ಲಿ ಮಗನ ಸಹಿ ನಡೆಯುವುದಿಲ್ಲ, ಅಳಿಯನದಂತೂ ಇಲ್ಲವೇ ಇಲ್ಲ. ಕ್ಲರ್ಕು ಮೇಷ್ಟ್ರನ್ನೇ ಎದುರಿಗೆ ಕೂರಿಸಿಕೊಂಡು ಹೆಸರು ಕೇಳುತ್ತಾನೆ, ಬದುಕಿರುವುದು ಖಾತ್ರಿ ಮಾಡಿಕೊಳ್ಳುತ್ತಾನೆ, ಸಹಿ ಸ್ವಲ್ಪ ಅಲುಗಾಡಿದ್ದರೆ ಇನ್ನೊಂದು ಸಲ ಮಾಡಿ ಸಾರ್, ನಿಧಾನವಾಗಿ, ಎಂದು ಪೆನ್ನು ಕೊಡುತ್ತಾನೆ.